ಮೇಲ್ ಸರ್ವರ್ ಕಾಯುವ ಕಮಾಂಡ್‌ಗಳು: ಮೊದಲು ಕೇಳಿ, ಆಮೇಲೆ ಬದಲಿಸಿ

ವೆಬ್‌ಸೈಟ್ ನಿಂತುಹೋದರೆ ಐದು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಮೇಲ್ ಸರ್ವರ್ ಕೆಟ್ಟರೆ ಹಾಗಾಗುವುದಿಲ್ಲ. ಮೇಲ್‌ಗಳು ಕ್ಯೂನಲ್ಲಿ ನಿಂತಿರುತ್ತವೆ, ಕಳಿಸಿದವರು ಹೋಯಿತು ಅಂದುಕೊಂಡಿರುತ್ತಾರೆ, ಕಾಯುವವರು ಇನ್ನೂ ಕಳಿಸಿಲ್ಲ ಅಂದುಕೊಂಡಿರುತ್ತಾರೆ, ಮೂರು ದಿನ ಆದಮೇಲೆ ಅವರಿಬ್ಬರ ನಡುವೆ ಮಾತಿಗೆ ಮಾತು ಬೆಳೆದಾಗ ವಿಷಯ ನಮ್ಮ ತನಕ ಬರುತ್ತದೆ. ಅದಕ್ಕೇ ಈ ಸರ್ವರನ್ನು ನಾವೇ ಹೋಗಿ ಮಾತಾಡಿಸಬೇಕು. ಕನ್ಸೋಲ್‌ನಲ್ಲಿ ಸರಿಯಾಗಿ ಕೇಳಿದರೆ ಅದು ಏನನ್ನೂ ಮುಚ್ಚಿಡುವುದಿಲ್ಲ.

ಈ ಬರಹ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಹಾಕಿಕೊಂಡಿರುವವರಿಗೆ. ಪೋಸ್ಟ್‌ಫಿಕ್ಸ್ ಮೇಲ್ ಹೊತ್ತು ತರುತ್ತದೆ, ಹೊತ್ತು ಹೋಗುತ್ತದೆ. ಡವ್‌ಕಾಟ್ ಮೇಲ್‌ಬಾಕ್ಸ್ ನೋಡಿಕೊಳ್ಳುತ್ತದೆ, ಪಾಸ್‌ವರ್ಡ್ ಪರೀಕ್ಷೆಯೂ ಸಾಮಾನ್ಯವಾಗಿ ಅದರದೇ ಕೆಲಸ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಬಂತು. ಒಂದೇ ದೊಡ್ಡ ಪ್ರೋಗ್ರಾಂ ಬದಲು ಚಿಕ್ಕ ಚಿಕ್ಕ ಪ್ರೋಗ್ರಾಂಗಳಾಗಿ ಒಡೆದು, ಒಂದಕ್ಕೆ ಏಟು ಬಿದ್ದರೆ ಇನ್ನೊಂದಕ್ಕೆ ತಾಗದಂತೆ ಮಾಡಿದ್ದು ಅದರ ದೊಡ್ಡ ಗುಣ. ಹಾಗಾಗಿಯೇ ಅದಕ್ಕೆ ಇಷ್ಟೊಂದು ಬೇರೆ ಬೇರೆ ಕಮಾಂಡ್‌ಗಳಿವೆ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರವೇ ಬೇಕಾದ ಕಡೆ ಬಿಡಿಸಿ ಹೇಳುತ್ತೇನೆ. ಅಡ್ಡಗೆರೆ, ಅಂಡರ್‌ಸ್ಕೋರ್, ಚುಕ್ಕಿ ಎಲ್ಲ ಇದ್ದ ಹಾಗೇ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತುಂಬಿಕೊಡುತ್ತದೆ. ಹೆಚ್ಚಿನವಕ್ಕೆ ಸಾಲಿನ ಮೊದಲಲ್ಲಿ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಪದ) ಬೇಕು, ಪ್ರತಿ ಸಾಲಿನಲ್ಲೂ ಅದನ್ನು ಬರೆದಿಲ್ಲ.

ಮೊದಲು ನೀವು ಒಳಗೆ ಬರುವ ಬಾಗಿಲು

ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಹೋಗುತ್ತೀರಿ ಅಲ್ವಾ, ಅದು ಇನ್ನೂ ಪಾಸ್‌ವರ್ಡ್ ಮೇಲೆ ನಡೆಯುತ್ತಿದ್ದರೆ ಬೇರೆ ಎಲ್ಲ ಕೆಲಸ ಪಕ್ಕಕ್ಕಿಡಿ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕೀ ಮಾಡಿಕೊಂಡು ಸರ್ವರ್‌ಗೆ ಕಳಿಸಿ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519
ಎಸ್‌ಎಸ್‌ಎಚ್-ಕಾಪಿ-ಐಡಿ ಅಡ್ಮಿನ್@ಮೇಲ್.ಎಕ್ಸಾಂಪಲ್.ಕಾಮ್

ಕೀ ಹಾಕಿ ಒಳಗೆ ಹೋಗಲು ಆಗುತ್ತಿದೆ ಅಂತ ಖಾತ್ರಿಯಾದ ಮೇಲೆ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲಿನಲ್ಲಿ ಪಾಸ್‌ವರ್ಡ್‌ಅಥೆಂಟಿಕೇಷನ್ ಎದುರು ನೋ ಅಂತ ಬರೆಯಿರಿ. ಅದರ ಪಕ್ಕದಲ್ಲೇ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗಿನ ಫೈಲುಗಳನ್ನೂ ನೋಡಿ. ಅಲ್ಲಿ ಯೆಸ್ (yes) ಅಂತ ಉಳಿದಿದ್ದರೆ ನೀವು ಇಲ್ಲಿ ಬರೆದದ್ದು ನಡೆಯುವುದಿಲ್ಲ. ಆಮೇಲೆ ಎಸ್‌ಎಸ್‌ಎಚ್‌ಡಿ -ಟಿ ಓಡಿಸಿ, ತಪ್ಪಿದ್ದರೆ ಹೇಳುತ್ತದೆ. ಈಗ ರೀಲೋಡ್ ಮಾಡಿ, ಆದರೆ ಈಗಿರುವ ಕಿಟಕಿ ಮುಚ್ಚಬೇಡಿ. ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ, ಅದು ಒಳಗೆ ಬಿಟ್ಟ ಮೇಲೆ ಹಳೆಯದನ್ನು ಮುಚ್ಚಿ.

ಯಾವ ಬಾಗಿಲು ತೆರೆದಿದೆ?

ಎಸ್ಎಸ್ -ಟಿಎಲ್‌ಎನ್‌ಪಿ

ಈ ಒಂದು ಸಾಲು ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಕಿವಿಗೊಟ್ಟು ಕೂತಿದೆ ಅಂತ ತೋರಿಸುತ್ತದೆ. 25 ಬೇರೆ ಸರ್ವರ್‌ಗಳು ನಿಮಗೆ ಮೇಲ್ ತಂದುಕೊಡುವ ಪೋರ್ಟು. 587 ಮತ್ತು 465 ನಿಮ್ಮ ಬಳಕೆದಾರರು ಲಾಗಿನ್ ಆಗಿ ಮೇಲ್ ಕಳಿಸುವ ಜಾಗ. 993 ಅವರು ಮೇಲ್ ಓದುವ ಜಾಗ. 143 ಮತ್ತು 110 ಹಳೆಯವು, ಯಾರೂ ಬಳಸದಿದ್ದರೆ ಮುಚ್ಚಿಬಿಡಿ. ಯಾರಾದರೂ ಬಳಸುತ್ತಿದ್ದಾರಾ ಅಂತ ತಿಳಿಯಲು ಆ ಸೇವೆ ನಡೆಯುತ್ತಿರುವಾಗ ಡವ್‌ಅಡ್ಮ್ ಹೂ ಅಂತ ಕೊಡಿ, ಈಗ ಯಾರ್ಯಾರು ಒಳಗಿದ್ದಾರೆ, ಯಾವ ಐಪಿಯಿಂದ ಬಂದಿದ್ದಾರೆ, ಮೇಲ್ ಓದಲು ಬಂದಿರುವುದು ಐಮ್ಯಾಪ್ ದಾರಿಯಲ್ಲಾ ಪಾಪ್ ದಾರಿಯಲ್ಲಾ ಅಂತ ಪಟ್ಟಿ ಕೊಡುತ್ತದೆ.

ಈ ಪಟ್ಟಿಯಲ್ಲಿ ವಿಳಾಸದ ಕಾಲಂ ಗಮನಿಸಿ. 127.0.0.1 ಅಂತಿದ್ದರೆ ಆ ಪ್ರೋಗ್ರಾಂ ಒಳಗಿನವರ ಜೊತೆ ಮಾತ್ರ ಮಾತಾಡುತ್ತದೆ. 0.0.0.0 ಅಂತಿದ್ದರೆ ಎಲ್ಲ ಕಡೆಯಿಂದ ಬರುವವರಿಗೂ ತೆರೆದಿದೆ. ಬಳಕೆದಾರರ ಹೆಸರು ಇಟ್ಟುಕೊಂಡಿರುವ ಡೇಟಾಬೇಸ್ 3306ರಲ್ಲಿ 0.0.0.0 ಮೇಲೆ ಕೂತಿದ್ದರೆ, ಫೈರ್‌ವಾಲ್ ತಡೆಯುತ್ತದೆ ಅಂತ ಸುಮ್ನೆ ಇರಬೇಡಿ. ಅದರ ಸೆಟ್ಟಿಂಗಿನಲ್ಲೇ 127.0.0.1ಕ್ಕೆ ಕಟ್ಟಿಹಾಕಿ. ಫೈರ್‌ವಾಲ್ ಅದರ ಮೇಲೆ ಎರಡನೇ ಬೀಗ ಆಗಲಿ.

ಸೆಟ್ಟಿಂಗ್ ಓದುವುದು, ರಿಲೇ ಮುಚ್ಚುವುದು

ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್ ಫೈಲನ್ನು ನೇರವಾಗಿ ಓದುವುದಕ್ಕಿಂತ ಇದನ್ನು ಕೇಳಿ:

ಪೋಸ್ಟ್‌ಕಾನ್ಫ್ -ಎನ್

ಫೈಲಿನಲ್ಲಿ ನೀವು ಅಥವಾ ನಿಮಗಿಂತ ಮುಂಚೆ ಇದ್ದವರು ಬರೆದಿರುವುದನ್ನು ಮಾತ್ರ ಇದು ತೋರಿಸುತ್ತದೆ. ಒಂದೇ ಹೆಸರು ಎರಡು ಸಲ ಬರೆದಿದ್ದರೆ ಪೋಸ್ಟ್‌ಫಿಕ್ಸ್ ಕೊನೆಯದನ್ನು ತೆಗೆದುಕೊಳ್ಳುತ್ತದೆ. ಕಣ್ಣು ಮಾತ್ರ ಮೊದಲು ಸಿಕ್ಕಿದ್ದನ್ನು ಓದಿ ಮೋಸಹೋಗುತ್ತದೆ. ಬದಲಿಸುವ ಮುಂಚೆ ಇಡೀ /ಇಟಿಸಿ/ಪೋಸ್ಟ್‌ಫಿಕ್ಸ್ ಫೋಲ್ಡರನ್ನು ತಾರೀಖು ಹಾಕಿ ಇನ್ನೊಂದು ಕಡೆ ಕಾಪಿ ಮಾಡಿ. ಬದಲಿಸಿದ ಮೇಲೆ ಪೋಸ್ಟ್‌ಫಿಕ್ಸ್ ಚೆಕ್, ಆಮೇಲೆ ಪೋಸ್ಟ್‌ಫಿಕ್ಸ್ ರೀಲೋಡ್. ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ಒಂದು ದಿನದ ಕೆಲಸ.

ಆ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ್ದು ಮೈನೆಟ್‌ವರ್ಕ್ಸ್. ಇಲ್ಲಿ ಬರೆದಿರುವ ವಿಳಾಸಗಳಿಂದ ಬಂದವರನ್ನು ಪೋಸ್ಟ್‌ಫಿಕ್ಸ್ ಪಾಸ್‌ವರ್ಡ್ ಕೇಳದೆ ನಂಬುತ್ತದೆ, ಅವರು ಹೇಳಿದ ಯಾವ ಊರಿಗಾದರೂ ಮೇಲ್ ಒಯ್ಯುತ್ತದೆ. ಹೀಗೆ ಬೇರೆಯವರ ಮೇಲ್ ಹೊತ್ತು ಇನ್ನೊಂದು ಕಡೆ ತಲುಪಿಸುವುದಕ್ಕೇ ರಿಲೇ ಅನ್ನುವುದು. ಯಾರೋ ಒಬ್ಬರ ಪ್ರಿಂಟರಿನಿಂದ ಸ್ಕ್ಯಾನ್ ಹೋಗುತ್ತಿಲ್ಲ ಅಂತ ದೊಡ್ಡ ಐಪಿ ಶ್ರೇಣಿಯನ್ನೇ ಇಲ್ಲಿ ಸೇರಿಸಿ ಮರೆತುಬಿಡುವುದು ನಾನು ಜಾಸ್ತಿ ಕಂಡಿರುವ ತಪ್ಪು. ಸಾಧ್ಯವಾದರೆ 127.0.0.0/8 ಮತ್ತು ಐಪಿವಿ6ನ ಲೋಕಲ್ ವಿಳಾಸ ಇಷ್ಟೇ ಇರಲಿ. ಪ್ರಿಂಟರಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್ ಕೊಡಿ.

ಎರಡನೆಯದು ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್. ಇದರಲ್ಲಿ ಪರ್ಮಿಟ್_ಮೈನೆಟ್‌ವರ್ಕ್ಸ್, ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್ ಆದಮೇಲೆ ರಿಜೆಕ್ಟ್_ಅನ್ಆಥ್_ಡೆಸ್ಟಿನೇಷನ್ ಅಥವಾ ಡಿಫರ್_ಅನ್ಆಥ್_ಡೆಸ್ಟಿನೇಷನ್ ಇರಲೇಬೇಕು. ಪೋಸ್ಟ್‌ಫಿಕ್ಸ್ ಈ ಸಾಲನ್ನು ಎಡದಿಂದ ಬಲಕ್ಕೆ ಓದುತ್ತದೆ, ಮೊದಲು ಸಿಕ್ಕ ತೀರ್ಮಾನದಲ್ಲೇ ನಿಲ್ಲುತ್ತದೆ. ಹಾಗಾಗಿ ಕ್ರಮ ತಪ್ಪಿದರೆ ಅರ್ಥವೇ ಬದಲಾಗುತ್ತದೆ.

ಬರೆದದ್ದನ್ನು ನಂಬಬೇಡಿ, ಹೊರಗಿನಿಂದ ತಟ್ಟಿ ನೋಡಿ. ಸರ್ವರ್ ಮೇಲಿಂದಲೇ ಪರೀಕ್ಷಿಸಿದರೆ ನೀವು ಮೈನೆಟ್‌ವರ್ಕ್ಸ್ ಒಳಗಿರುತ್ತೀರಿ, ಎಲ್ಲ ಹೋಗುತ್ತದೆ. ನಿಮ್ಮ ಸರ್ವರ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಕಂಪ್ಯೂಟರಿನಿಂದ, 25ನೇ ಪೋರ್ಟಿಗೆ ಹೊರಗೆ ಹೋಗಲು ಬಿಡುವ ನೆಟ್‌ವರ್ಕಿನಲ್ಲಿ ಕೂತು, ಸ್ವಾಕ್ಸ್ ಅನ್ನುವ ಚಿಕ್ಕ ಟೂಲ್ ಹಾಕಿಕೊಂಡು ಹೀಗೆ ಮಾಡಿ:

ಸ್ವಾಕ್ಸ್ --ಸರ್ವರ್ ಮೇಲ್.ಎಕ್ಸಾಂಪಲ್.ಕಾಮ್ --ಫ್ರಮ್ ಎ@ಎಕ್ಸಾಂಪಲ್.ನೆಟ್ --ಟು ಬಿ@ಎಕ್ಸಾಂಪಲ್.ಆರ್ಗ್

ಕಳಿಸುವವರೂ ನಿಮ್ಮವರಲ್ಲ, ಪಡೆಯುವವರೂ ನಿಮ್ಮವರಲ್ಲ. ರಿಲೇ ಆಕ್ಸೆಸ್ ಡಿನೈಡ್ ಅಂತ 554 ಅಥವಾ 454 ಬಂದರೆ ಸರಿ. 250 ಬಂದು ಮೇಲ್ ಒಳಗೆ ಹೋಯಿತು ಅಂದರೆ ನಿಮ್ಮ ಸರ್ವರ್ ಊರಿಗೆಲ್ಲ ತೆರೆದಿದೆ, ಇವತ್ತೇ ಮುಚ್ಚಿ.

ಕ್ಯೂ: ತಾಳ್ಮೆ ಬೇಕಾದ ಜಾಗ

ಪೋಸ್ಟ್‌ಕ್ಯೂ -ಪಿ

ಹೋಗದೆ ಉಳಿದಿರುವ ಮೇಲ್‌ಗಳ ಪಟ್ಟಿ ಇದು. ಪ್ರತಿಯೊಂದಕ್ಕೂ ಒಂದು ಐಡಿ, ಗಾತ್ರ, ಬಂದ ಸಮಯ, ಯಾರಿಂದ ಯಾರಿಗೆ. ಐಡಿ ಪಕ್ಕ ನಕ್ಷತ್ರ ಇದ್ದರೆ ಅದನ್ನು ಈಗ ಕಳಿಸುವ ಸಾಲಿನಲ್ಲಿ ಇಟ್ಟಿದೆ ಅಂತ, ಆಶ್ಚರ್ಯ ಚಿಹ್ನೆ ಇದ್ದರೆ ತಡೆಹಿಡಿದಿದೆ ಅಂತ. ಏನೂ ಇಲ್ಲದಿದ್ದರೆ ಒಮ್ಮೆ ಪ್ರಯತ್ನಿಸಿ ಆಗದೆ ಕಾಯುತ್ತಿದೆ, ಕಾರಣ ಕೆಳಗೆ ಕಂಸದಲ್ಲಿ ಇರುತ್ತದೆ. ಆ ಕಾರಣವನ್ನು ಪೂರ್ತಿ ಓದಿ. ಎದುರಿನ ಸರ್ವರ್ 4ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ಈಗ ಬೇಡ, ಆಮೇಲೆ ಬಾ ಅಂತ. 5ರಿಂದ ಶುರುವಾದರೆ ಬೇಡವೇ ಬೇಡ ಅಂತ, ಅಂಥ ಮೇಲ್ ಕ್ಯೂನಲ್ಲಿ ನಿಲ್ಲುವುದೇ ಇಲ್ಲ, ಕಳಿಸಿದವರಿಗೆ ವಾಪಸ್ ಹೋಗುತ್ತದೆ.

ಕಾಯುವ ಮೇಲ್‌ಗಳನ್ನು ಪೋಸ್ಟ್‌ಫಿಕ್ಸ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ ಮೊದಲ ಅಂತರ 300 ಸೆಕೆಂಡ್, ಬೆಳೆಯುತ್ತಾ 4000 ಸೆಕೆಂಡ್ ತನಕ ಹೋಗುತ್ತದೆ, 5 ದಿನ ಆದಮೇಲೆ ಕೈಬಿಡುತ್ತದೆ. ಪೋಸ್ಟ್‌ಕ್ಯೂ -ಎಫ್ ಕೊಟ್ಟು ಎಲ್ಲವನ್ನೂ ಮತ್ತೆ ಮತ್ತೆ ತಳ್ಳುವುದರಿಂದ ಏನೂ ಬೇಗ ಆಗುವುದಿಲ್ಲ. ಎದುರಿನ ಸರ್ವರ್ ಬೇಡ ಅಂದಿರುವಾಗ ಐದೈದು ನಿಮಿಷಕ್ಕೆ ಬಾಗಿಲು ಬಡಿದರೆ ಅವರಿಗೆ ನಮ್ಮ ಮೇಲಿನ ಅನುಮಾನ ಜಾಸ್ತಿ ಆಗುತ್ತದೆ. ಒಂದೇ ಮೇಲನ್ನು ಪರೀಕ್ಷೆಗೆ ತಳ್ಳಬೇಕಾದರೆ ಪೋಸ್ಟ್‌ಕ್ಯೂ -ಐ ಮುಂದೆ ಆ ಐಡಿ ಕೊಡಿ. ಐದು ದಿನ ಕಳಿಸಿದವರಿಗೆ ಏನೂ ಗೊತ್ತಾಗದೆ ಇರುವುದು ನನಗೆ ಸರಿ ಕಾಣುವುದಿಲ್ಲ. ಡಿಲೇ_ವಾರ್ನಿಂಗ್_ಟೈಮ್ ಮೊದಲಿಗೆ ಸೊನ್ನೆ ಇರುತ್ತದೆ, ಅದನ್ನು 4ಎಚ್ ಮಾಡಿ. ನಾಲ್ಕು ಗಂಟೆ ತಡವಾದರೆ ಕಳಿಸಿದವರಿಗೆ ಒಂದು ಸೂಚನೆ ಹೋಗುತ್ತದೆ.

ಕ್ಯೂ ಉದ್ದ ಇದ್ದಾಗ ಪಟ್ಟಿ ಓದಿ ಮುಗಿಯುವುದಿಲ್ಲ. ಕ್ಯೂಶೇಪ್ ಡಿಫರ್ಡ್ ಅಂತ ಕೊಟ್ಟರೆ ಯಾವ ಡೊಮೇನಿಗೆ ಹೋಗಬೇಕಾದವು ಎಷ್ಟು, ಎಷ್ಟು ನಿಮಿಷದಿಂದ ನಿಂತಿವೆ ಅಂತ ಕೋಷ್ಟಕ ಬರುತ್ತದೆ. ಒಂದೇ ಡೊಮೇನ್ ತುಂಬಾ ಇದ್ದರೆ ತೊಂದರೆ ಆ ಕಡೆಗೆ ಸಂಬಂಧಿಸಿದ್ದು. ನೂರಾರು ಡೊಮೇನ್‌ಗಳಿಗೆ ಸ್ವಲ್ಪ ಸ್ವಲ್ಪ ಇದ್ದರೆ ನಮ್ಮ ಕಡೆಯಿಂದ ಯಾರೋ ಸ್ಪ್ಯಾಮ್ ಕಳಿಸುತ್ತಿರಬಹುದು. ಅದೇ ಕಮಾಂಡಿಗೆ -ಎಸ್ ಸೇರಿಸಿದರೆ ಕಳಿಸುವವರ ಡೊಮೇನ್ ಪ್ರಕಾರ ಲೆಕ್ಕ ಕೊಡುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರಿನಲ್ಲಿ ಬೆಳಗ್ಗೆ ಎದ್ದು ನೋಡಿದರೆ ಕ್ಯೂನಲ್ಲಿ ಸಾವಿರಾರು ಮೇಲ್. ಒಂದೇ ಖಾತೆಯ ಪಾಸ್‌ವರ್ಡ್ ಯಾರಿಗೋ ಸಿಕ್ಕಿತ್ತು. ಗಾಬರಿಯಲ್ಲಿ ಪೋಸ್ಟ್‌ಸೂಪರ್ -ಡಿ ಆಲ್ ಹೊಡೆದುಬಿಟ್ಟೆ. ಆಲ್ ಅಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕು, ಬೇಕಂತಲೇ ಹಾಗೆ ಇಟ್ಟಿದ್ದಾರೆ, ಕೈತಪ್ಪಿ ಆಗದಿರಲಿ ಅಂತ. ನಾನು ದೊಡ್ಡ ಅಕ್ಷರದಲ್ಲೇ ಹೊಡೆದೆ. ಸ್ಪ್ಯಾಮ್ ಜೊತೆ ರಾತ್ರಿ ಜನ ಕಳಿಸಿದ್ದ ನಿಜವಾದ ಮೇಲ್‌ಗಳೂ ಹೋದವು. ಯಾವುವು ಹೋದವು ಅಂತ ಲಾಗ್ ನೋಡಿ ಒಬ್ಬೊಬ್ಬರಿಗೂ ಹೇಳಿ ಮತ್ತೆ ಕಳಿಸಿ ಅಂತ ಕೇಳಿಕೊಂಡೆ. ಕೆಲವಕ್ಕೆ ಲಗತ್ತಿಸಿದ ಫೈಲು ಅವರ ಹತ್ತಿರ ಉಳಿದಿರಲಿಲ್ಲ.

ಅಂದಿನಿಂದ ನಾನು ಮೊದಲು ಅಳಿಸುವುದಿಲ್ಲ, ತಡೆಹಿಡಿಯುತ್ತೇನೆ. ಒಂದು ಖಾತೆಯಿಂದ ಬಂದವನ್ನು ಮಾತ್ರ ಹಿಡಿಯಲು ಹೀಗೆ, ಜೆಕ್ಯೂ (ಪಟ್ಟಿಯಿಂದ ಬೇಕಾದ್ದನ್ನು ಆರಿಸುವ ಟೂಲ್) ಹಾಕಿಕೊಂಡಿರಬೇಕು:

ಪೋಸ್ಟ್‌ಕ್ಯೂ -ಜೆ | ಜೆಕ್ಯೂ -ಆರ್ 'ಸೆಲೆಕ್ಟ್(.ಸೆಂಡರ್=="ಸೇಲ್ಸ್@ಎಕ್ಸಾಂಪಲ್.ಕಾಮ್") | .ಕ್ಯೂ_ಐಡಿ' | ಪೋಸ್ಟ್‌ಸೂಪರ್ -ಎಚ್ -

ಇದರಲ್ಲಿ ಎಚ್ ಸಣ್ಣದು, .ಕ್ಯೂ_ಐಡಿಯಲ್ಲಿ ಕ್ಯೂ ಅನ್ನುವುದನ್ನು ಪೂರ್ತಿ queue ಅಂತ ಬರೆಯಿರಿ. ಹಿಡಿದವು ಎಲ್ಲೂ ಹೋಗುವುದಿಲ್ಲ, ಅಳಿದೂ ಹೋಗುವುದಿಲ್ಲ. ಈಗ ನೆಮ್ಮದಿಯಾಗಿ ಒಂದೆರಡನ್ನು ಪೋಸ್ಟ್‌ಕ್ಯಾಟ್ -ಕ್ಯೂ ಮುಂದೆ ಐಡಿ ಕೊಟ್ಟು ತೆರೆದು ನೋಡಿ. ಇನ್ನೊಬ್ಬರ ಮೇಲ್ ಅದು, ತಲೆಬರಹದ ಸಾಲುಗಳು ಸಾಕಾದರೆ -ಎಚ್‌ಕ್ಯೂ ಕೊಟ್ಟು ಅಷ್ಟೇ ನೋಡಿ, ಒಳಗಿನದ್ದು ಓದಬೇಡಿ. ಅದರಲ್ಲಿ ರಿಸೀವ್ಡ್ ಅನ್ನುವ ಸಾಲು ಎಲ್ಲಿಂದ ಬಂತು ಅಂತ ಹೇಳುತ್ತದೆ. ಸ್ಪ್ಯಾಮೇ ಅಂತ ಗೊತ್ತಾದ ಮೇಲೆ ಅದೇ ಸಾಲಿನ ಕೊನೆಯಲ್ಲಿ -ಎಚ್ ಬದಲು -ಡಿ ಹಾಕಿ. ಒಳ್ಳೆಯ ಮೇಲ್ ಸಿಕ್ಕಿಕೊಂಡಿದ್ದರೆ ದೊಡ್ಡ ಎಚ್ ಕೊಟ್ಟು ಬಿಟ್ಟುಬಿಡಿ. ಸಣ್ಣದು ಹಿಡಿಯುತ್ತದೆ, ದೊಡ್ಡದು ಬಿಡುತ್ತದೆ, ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಕಳ್ಳತನವಾದ ಖಾತೆಯನ್ನು ಹಿಡಿಯುವುದು

ಮೇಲ್ ಸರ್ವರ್‌ಗೆ ಬರುವ ದೊಡ್ಡ ತೊಂದರೆಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಪೋಸ್ಟ್‌ಫಿಕ್ಸನ್ನು ಒಡೆದು ಒಳಬರುವವರು ಅಪರೂಪ. ಯಾರದೋ ಪಾಸ್‌ವರ್ಡ್ ಹಿಡಿದುಕೊಂಡು ಮುಂಬಾಗಿಲಿನಿಂದ ಬರುವವರೇ ಜಾಸ್ತಿ. ಹಾಗಾಗಿ ದಿನಕ್ಕೊಮ್ಮೆ ಇದನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ:

ಜರ್ನಲ್‌ಸಿಟಿಎಲ್ --ಸಿನ್ಸ್ ಟುಡೇ | ಗ್ರೆಪ್ -ಓ 'ಎಸ್‌ಎಎಸ್‌ಎಲ್_ಯೂಸರ್‌ನೇಮ್=[^,]*' | ಸಾರ್ಟ್ | ಯೂನಿಕ್ -ಸಿ | ಸಾರ್ಟ್ -ಎನ್‌ಆರ್ | ಹೆಡ್

ಇವತ್ತು ಲಾಗಿನ್ ಆಗಿ ಮೇಲ್ ಕಳಿಸಿದವರು ಯಾರು, ಎಷ್ಟು ಸಲ, ಜಾಸ್ತಿ ಕಳಿಸಿದವರು ಮೇಲೆ. ಒಂದು ವಾರ ನೋಡಿದರೆ ನಿಮ್ಮ ಜನರ ರೂಢಿ ನಿಮಗೆ ಗೊತ್ತಾಗುತ್ತದೆ. ದಿನಕ್ಕೆ ಹತ್ತು ಕಳಿಸುವವರ ಎದುರು ಒಂದು ದಿನ ಸಾವಿರ ಕಂಡರೆ ಬೇರೆ ಯಾವ ಎಚ್ಚರಿಕೆಯೂ ಬೇಕಾಗಿಲ್ಲ. ಹಳೆಯ ಡೆಬಿಯನ್‌ನಲ್ಲಿ ಲಾಗ್ /ವಾರ್/ಲಾಗ್/ಮೇಲ್.ಲಾಗ್ ಫೈಲಿನಲ್ಲಿ, ರೆಡ್‌ಹ್ಯಾಟ್ ಬಳಗದಲ್ಲಿ /ವಾರ್/ಲಾಗ್/ಮೇಲ್‌ಲಾಗ್ ಫೈಲಿನಲ್ಲಿ ಸಿಗುತ್ತದೆ. ಡೆಬಿಯನ್ 12ರಿಂದ ಆ ಫೈಲ್ ತಾನಾಗಿ ಬರುವುದಿಲ್ಲ, ಜರ್ನಲ್‌ಸಿಟಿಎಲ್ ಒಂದೇ ದಾರಿ.

ಖಾತೆ ಸಿಕ್ಕಿತು ಅನ್ನಿ. ಕೆಲಸ ಈ ಕ್ರಮದಲ್ಲಿ ಆಗಲಿ. ಮೊದಲು ಪಾಸ್‌ವರ್ಡ್ ಬದಲಿಸಿ. ಡವ್‌ಅಡ್ಮ್ ಪಿಡಬ್ಲ್ಯೂ -ಎಸ್ ಬಿಎಲ್‌ಎಫ್-ಕ್ರಿಪ್ಟ್ ಅಂತ ಕೊಟ್ಟರೆ ಹೊಸ ಪಾಸ್‌ವರ್ಡನ್ನು ಕೇಳಿ, ಡೇಟಾಬೇಸಿನಲ್ಲಿ ಇಡಬೇಕಾದ ರೂಪದಲ್ಲಿ ಕೊಡುತ್ತದೆ. ಇದರಲ್ಲಿ ಬಿಎಲ್‌ಎಫ್-ಕ್ರಿಪ್ಟ್ ಪೂರ್ತಿ ದೊಡ್ಡ ಅಕ್ಷರ. ಆಮೇಲೆ ಡವ್‌ಅಡ್ಮ್ ಆಥ್ ಕ್ಯಾಶ್ ಫ್ಲಶ್, ಇಲ್ಲದಿದ್ದರೆ ಕ್ಯಾಶ್ ಇಟ್ಟುಕೊಂಡಿರುವ ಸರ್ವರಿನಲ್ಲಿ ಹಳೆಯ ಪಾಸ್‌ವರ್ಡ್ ಇನ್ನೂ ಸ್ವಲ್ಪ ಹೊತ್ತು ನಡೆಯಬಹುದು. ಆಮೇಲೆ ಡವ್‌ಅಡ್ಮ್ ಕಿಕ್ ಮುಂದೆ ಆ ಬಳಕೆದಾರರ ಹೆಸರು, ಒಳಗೆ ಕೂತವರನ್ನು ಹೊರಗೆ ಹಾಕಲು. ಕೊನೆಗೆ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಪೋಸ್ಟ್‌ಫಿಕ್ಸ್, ಯಾಕಂದರೆ ಈಗಾಗಲೇ ಲಾಗಿನ್ ಆಗಿ ಮೇಲ್ ಕಳಿಸುತ್ತಿರುವ ಕನೆಕ್ಷನ್‌ಗೆ ಪಾಸ್‌ವರ್ಡ್ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ಒಳಗೆ ಬಂದವರು ಹೋಗುವ ಮುಂಚೆ ಒಂದು ಫಾರ್ವರ್ಡ್ ನಿಯಮ ಬಿಟ್ಟುಹೋಗಿರಬಹುದು, ಬಂದ ಪ್ರತಿ ಮೇಲಿನ ಪ್ರತಿ ಅವರಿಗೂ ಹೋಗುವ ಹಾಗೆ. ಡವ್‌ಅಡ್ಮ್ ಸೀವ್ ಲಿಸ್ಟ್ -ಯು ಮುಂದೆ ಬಳಕೆದಾರರ ವಿಳಾಸ ಕೊಟ್ಟು ಪಟ್ಟಿ ತೆಗೆಯಿರಿ. ಗೊತ್ತಿಲ್ಲದ ಹೆಸರು ಕಂಡರೆ ಲಿಸ್ಟ್ ಬದಲು ಗೆಟ್ ಅಂತ ಕೊಟ್ಟು, ಕೊನೆಗೆ ಆ ಹೆಸರು ಬರೆದು ಒಳಗೇನಿದೆ ನೋಡಿ. ಇದು ಬೇಗ ಮರೆತುಹೋಗುವ ಹೆಜ್ಜೆ, ಮರೆತರೆ ಪಾಸ್‌ವರ್ಡ್ ಬದಲಿಸಿಯೂ ಮೇಲ್ ಸೋರುತ್ತಲೇ ಇರುತ್ತದೆ. ಆ ಬಳಕೆದಾರರಿಗೆ ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಲ ಅನುಮಾನ ಬಂದರೂ ನಮಗೆ ಹೇಳುವುದಿಲ್ಲ.

ಒಂದು ಖಾತೆ ಹೋದರೂ ಹಾನಿ ಕಡಿಮೆ ಇರಲಿ ಅಂತ ಎಸ್‌ಎಂಟಿಪಿಡಿ_ಕ್ಲೈಂಟ್_ಮೆಸೇಜ್_ರೇಟ್_ಲಿಮಿಟ್ ಇದೆ, ಒಂದು ಐಪಿಯಿಂದ ನಿಮಿಷಕ್ಕೆ ಎಷ್ಟು ಮೇಲ್ ಅಂತ ಮಿತಿ. ಅದನ್ನು ಮಾಸ್ಟರ್.ಸಿಎಫ್ ಫೈಲಿನಲ್ಲಿ 587 ಮತ್ತು 465ರ ಸೇವೆಗಳಿಗೆ ಮಾತ್ರ ಹಾಕಿ, 25ಕ್ಕೆ ಹಾಕಿದರೆ ದೊಡ್ಡ ಸರ್ವರ್‌ಗಳಿಂದ ಬರುವ ಒಳ್ಳೆಯ ಮೇಲ್ ತಡವಾಗುತ್ತದೆ.

ಲಾಗಿನ ಒಂದು ಸಾಲು

ಮೇಲ್ ಬರಲಿಲ್ಲ ಅಂತ ಯಾರಾದರೂ ಹೇಳಿದರೆ ಲಾಗಿನಲ್ಲಿ ಅವರ ವಿಳಾಸ ಹಾಕಿ ಗ್ರೆಪ್ ಮಾಡಿ (ಅಂದರೆ ಹುಡುಕಿ), ಅದರಲ್ಲಿ ಕ್ಯೂ ಐಡಿ ಸಿಗುತ್ತದೆ, ಆ ಐಡಿ ಹಾಕಿ ಮತ್ತೆ ಗ್ರೆಪ್ ಮಾಡಿದರೆ ಆ ಮೇಲಿನ ಇಡೀ ಪ್ರಯಾಣ ಬರುತ್ತದೆ. ಕೊನೆಯ ಸಾಲಿನಲ್ಲಿ ಸ್ಟೇಟಸ್=ಸೆಂಟ್ ಇದ್ದರೆ ಎದುರಿನ ಸರ್ವರ್ ಕೈಗೆ ತೆಗೆದುಕೊಂಡಿದೆ. ಅವರ ಬಾಕ್ಸಿನಲ್ಲಿ ಎಲ್ಲಿ ಬಿತ್ತು, ಸ್ಪ್ಯಾಮ್ ಫೋಲ್ಡರಿಗೆ ಹೋಯಿತಾ ಅನ್ನುವುದು ನಮ್ಮ ಲಾಗಿನಲ್ಲಿ ಇರುವುದಿಲ್ಲ. ಅದೇ ಸಾಲಿನಲ್ಲಿ ಡಿಲೇಸ್ ಅಂತ ನಾಲ್ಕು ಸಂಖ್ಯೆಗಳಿರುತ್ತವೆ: ಕ್ಯೂಗೆ ಬರುವ ಮುಂಚೆ ಹಿಡಿದ ಸಮಯ, ಕ್ಯೂನಲ್ಲಿ ಕಾದದ್ದು, ಎದುರಿನವರ ಜೊತೆ ಕನೆಕ್ಷನ್ ಆಗಲು ಹಿಡಿದದ್ದು, ಮೇಲ್ ದಾಟಿಸಲು ಹಿಡಿದದ್ದು. ಮೂರನೆಯದು ದೊಡ್ಡದಿದ್ದರೆ ಡಿಎನ್‌ಎಸ್ ಅಥವಾ ನೆಟ್‌ವರ್ಕ್ ನೋಡಿ. ಎರಡನೆಯದು ದೊಡ್ಡದಿದ್ದರೆ ನಮ್ಮ ಸರ್ವರೇ ಸುಸ್ತಾಗಿದೆ. ತಡ ಯಾಕೆ ಅಂತ ಊಹಿಸುವ ಅಗತ್ಯವೇ ಇಲ್ಲ, ಉತ್ತರ ಪ್ರತಿ ಸಾಲಿನಲ್ಲೂ ಇದೆ.

ಸರ್ಟಿಫಿಕೇಟ್

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ -ಕನೆಕ್ಟ್ ಮೇಲ್.ಎಕ್ಸಾಂಪಲ್.ಕಾಮ್:587 < /ಡೆವ್/ನಲ್ | ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಡೇಟ್ಸ್

ಇದು ಸರ್ಟಿಫಿಕೇಟ್ ಎಂದಿನಿಂದ ಎಂದಿನ ತನಕ ನಡೆಯುತ್ತದೆ ಅಂತ ಹೇಳುತ್ತದೆ. 993ಕ್ಕೆ ನೋಡುವಾಗ -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ ಅನ್ನುವ ಎರಡು ಪದ ತೆಗೆದುಬಿಡಿ. ಎರಡನ್ನೂ ನೋಡಲೇಬೇಕು. ಸರ್ಟ್‌ಬಾಟ್ (ಸರ್ಟಿಫಿಕೇಟನ್ನು ತಾನಾಗಿ ಹೊಸದು ಮಾಡುವ ಟೂಲ್) ಹೊಸ ಸರ್ಟಿಫಿಕೇಟ್ ತಂದಿಟ್ಟರೂ ಡವ್‌ಕಾಟ್ ರೀಲೋಡ್ ಆಗುವ ತನಕ ಹಳೆಯದನ್ನೇ ತೋರಿಸುತ್ತದೆ. ಡಿಸ್ಕಿನಲ್ಲಿ ಫೈಲು ಹೊಸದು, ಜನರಿಗೆ ಕಾಣುವುದು ಅವಧಿ ಮುಗಿದದ್ದು. ಸರ್ಟ್‌ಬಾಟ್‌ನ ಡಿಪ್ಲಾಯ್-ಹುಕ್‌ನಲ್ಲಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡುವ ಸಾಲು ಹಾಕಿಡಿ.

ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆಥ್_ಓನ್ಲಿ ಎದುರು ಯೆಸ್ ಇರಲಿ, ಬೀಗ ಇಲ್ಲದ ದಾರಿಯಲ್ಲಿ ಪಾಸ್‌ವರ್ಡ್ ಕೇಳಬಾರದು. 587ರಲ್ಲಿ ಎಸ್‌ಎಂಟಿಪಿಡಿ_ಟಿಎಲ್‌ಎಸ್_ಸೆಕ್ಯೂರಿಟಿ_ಲೆವೆಲ್ ಎನ್‌ಕ್ರಿಪ್ಟ್ ಇರಲಿ. 25ರಲ್ಲಿ ಮಾತ್ರ ಮೇ (may, ಅಂದರೆ ಇದ್ದರೆ ಬಳಸು) ಅಂತಲೇ ಬಿಡಿ. ಅಲ್ಲೂ ಕಡ್ಡಾಯ ಮಾಡಬೇಕು ಅನ್ನಿಸುವುದು ಸಹಜ, ಆದರೆ ಟಿಎಲ್‌ಎಸ್ (ದಾರಿಗೆ ಹಾಕುವ ಆ ಬೀಗ) ಬಾರದ ಹಳೆಯ ಸರ್ವರ್‌ಗಳಿಂದ ಬರುವ ಮೇಲ್ ಆಗ ನಿಂತುಹೋಗುತ್ತದೆ, ಎಲ್ಲರಿಗೂ ತೆರೆದ ಸರ್ವರ್ ಹಾಗೆ ಮಾಡಬಾರದು ಅಂತ ನಿಯಮವೇ ಇದೆ. ಟಿಎಲ್‌ಎಸ್ 1.0 ಮತ್ತು 1.1ನ್ನು 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಲಾಗಿನ್ ಆಗುವ ಪೋರ್ಟುಗಳಲ್ಲಿ 1.2ರಿಂದ ಮೇಲಿನದನ್ನಷ್ಟೇ ಒಪ್ಪಿಕೊಳ್ಳಿ.

ನಾವು ನಾವೇ ಅಂತ ತೋರಿಸುವ ದಾಖಲೆಗಳು

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿವೆ. ಎಸ್‌ಪಿಎಫ್ ಅಂದರೆ ನಮ್ಮ ಡೊಮೇನಿನ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನುವ ಪಟ್ಟಿ, ಡಿಕೆಐಎಂ ಅಂದರೆ ಕಳಿಸುವ ಮೇಲಿಗೆ ಹಾಕುವ ಸಹಿ, ಡಿಮಾರ್ಕ್ ಅಂದರೆ ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಅನ್ನುವ ಸೂಚನೆ. ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000 ದಾಟಿದರೆ ಅಂಥವರು. ನೀವು ದಿನಕ್ಕೆ ಐವತ್ತು ಕಳಿಸಿದರೂ ಮೂರೂ ಇರಲಿ. ನೋಡುವುದು ಸುಲಭ:

ಡಿಗ್ +ಶಾರ್ಟ್ ಟಿಎಕ್ಸ್‌ಟಿ ಎಕ್ಸಾಂಪಲ್.ಕಾಮ್
ಡಿಗ್ +ಶಾರ್ಟ್ ಟಿಎಕ್ಸ್‌ಟಿ _ಡಿಮಾರ್ಕ್.ಎಕ್ಸಾಂಪಲ್.ಕಾಮ್
ಡಿಗ್ +ಶಾರ್ಟ್ -ಎಕ್ಸ್ 203.0.113.10

ಮೊದಲನೆಯದರಲ್ಲಿ ವಿ=ಎಸ್‌ಪಿಎಫ್1 ಅಂತ ಶುರುವಾಗುವ ಸಾಲು ಒಂದೇ ಒಂದು ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಅದರೊಳಗಿನ ಇನ್‌ಕ್ಲೂಡ್ ಮುಂತಾದವುಗಳಿಂದ ಡಿಎನ್‌ಎಸ್ ಹುಡುಕಾಟ 10 ದಾಟಿದರೂ ಪರೀಕ್ಷೆ ಬಿದ್ದುಹೋಗುತ್ತದೆ. ಹೊಸ ಹೊಸ ಸೇವೆ ಸೇರಿಸುತ್ತಾ ಹೋದವರಿಗೆ ಇದು ಒಂದು ದಿನ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಮೂರನೇ ಕಮಾಂಡ್ ನಿಮ್ಮ ಐಪಿಯ ಹೆಸರು ಕೇಳುತ್ತದೆ. ಬರುವ ಹೆಸರನ್ನು ಮತ್ತೆ ಡಿಗ್ ಮಾಡಿದರೆ ಅದೇ ಐಪಿ ಬರಬೇಕು. ಪೋಸ್ಟ್‌ಕಾನ್ಫ್ ಮೈಹೋಸ್ಟ್‌ನೇಮ್ ಕೊಟ್ಟಾಗ ಬರುವುದೂ ಅದೇ ಹೆಸರಾಗಿದ್ದರೆ ಇನ್ನೂ ಒಳ್ಳೆಯದು. ಈ ಹೆಸರನ್ನು ಬದಲಿಸುವ ಜಾಗ ನಿಮ್ಮ ಡೊಮೇನ್ ಸೆಟ್ಟಿಂಗಿನಲ್ಲಿ ಸಿಗುವುದಿಲ್ಲ, ಐಪಿ ಕೊಟ್ಟವರನ್ನೇ ಕೇಳಬೇಕು.

ಡಿಕೆಐಎಂ ಕೀ ಮಾಡಲು ಓಪನ್‌ಡಿಕೆಐಎಂ-ಜೆನ್‌ಕೀ -ಬಿ 2048 -ಎಸ್ ಮೇಲ್1 -ಡಿ ಎಕ್ಸಾಂಪಲ್.ಕಾಮ್. ಖಾಸಗಿ ಫೈಲಿಗೆ ಚ್‌ಮಾಡ್ 600 ಮಾಡಿ, ಮಾಲೀಕತ್ವ ಓಪನ್‌ಡಿಕೆಐಎಂಗೆ ಕೊಡಿ. ಡಿಎನ್‌ಎಸ್‌ನಲ್ಲಿ ಒಂದು ತುಂಡು 255 ಅಕ್ಷರ ದಾಟುವಂತಿಲ್ಲ, 2048 ಬಿಟ್ ಕೀ ಅದಕ್ಕಿಂತ ಉದ್ದ, ಅದಕ್ಕೇ ಫೈಲಿನಲ್ಲಿ ಉದ್ಧರಣ ಚಿಹ್ನೆ ಹಾಕಿ ತುಂಡು ಮಾಡಿರುತ್ತದೆ. ಅಂಟಿಸುವಾಗ ಮಧ್ಯೆ ಒಂದು ಅಕ್ಷರ ಬಿಟ್ಟುಹೋದರೂ ಸಹಿ ಹೊಂದುವುದಿಲ್ಲ. ಓಪನ್‌ಡಿಕೆಐಎಂ-ಟೆಸ್ಟ್‌ಕೀ -ಡಿ ಎಕ್ಸಾಂಪಲ್.ಕಾಮ್ -ಎಸ್ ಮೇಲ್1 -ವಿವಿವಿ ಅಂತ ಪರೀಕ್ಷಿಸಿ. ಡಿಮಾರ್ಕ್ ಅನ್ನು ಮೊದಲು ಪಿ=ನನ್ (none) ಅಂತ ಇಟ್ಟು ವರದಿ ತರಿಸಿಕೊಳ್ಳಿ, ನಿಮ್ಮ ಹೆಸರಲ್ಲಿ ಯಾರ್ಯಾರು ಕಳಿಸುತ್ತಿದ್ದಾರೆ ಅಂತ ಒಂದೆರಡು ವಾರ ನೋಡಿ, ನಿಮ್ಮವೇ ಎಲ್ಲ ಸರಿಯಾದ ಮೇಲೆ ಕ್ವಾರಂಟೈನ್, ಆಮೇಲೆ ರಿಜೆಕ್ಟ್.

ಬಾಗಿಲು ಬಡಿಯುವವರು, ಅಪ್‌ಡೇಟ್, ಬ್ಯಾಕಪ್

ಪಾಸ್‌ವರ್ಡ್ ಊಹಿಸುವವರು ದಿನವಿಡೀ ಬರುತ್ತಲೇ ಇರುತ್ತಾರೆ. ಫೇಲ್2ಬ್ಯಾನ್ (ಲಾಗ್ ಓದಿ ಅಂಥವರ ಐಪಿಯನ್ನು ತಡೆಯುವ ಟೂಲ್) ಹಾಕಿ, ಪೋಸ್ಟ್‌ಫಿಕ್ಸ್-ಎಸ್‌ಎಎಸ್‌ಎಲ್ ಮತ್ತು ಡವ್‌ಕಾಟ್ ಜೈಲುಗಳನ್ನು (ಅದರ ನಿಯಮಗಳನ್ನು) ಶುರು ಮಾಡಿ. ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಡವ್‌ಕಾಟ್ ಕೊಟ್ಟಾಗ ಹಿಡಿದದ್ದು ಸೊನ್ನೆ ಅಂತ ದಿನಗಟ್ಟಲೆ ಬಂದರೆ ಖುಷಿ ಪಡಬೇಡಿ, ಅದು ಲಾಗ್ ಓದುತ್ತಿಲ್ಲ ಅನ್ನಿಸುತ್ತದೆ. ಜರ್ನಲ್ ಮಾತ್ರ ಇರುವ ಸರ್ವರಿನಲ್ಲಿ ಬ್ಯಾಕೆಂಡ್ ಎದುರು ಸಿಸ್ಟಮ್‌ಡಿ ಅಂತ ಬರೆಯಬೇಕು. ನಿಮ್ಮದೇ ಐಪಿಯನ್ನು ಇಗ್ನೋರ್‌ಐಪಿಯಲ್ಲಿ ಸೇರಿಸಿಡಿ.

2023ರ ಡಿಸೆಂಬರ್‌ನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಅನ್ನುವ ದೋಷ ಬಯಲಾಯಿತು. ಒಂದು ಮೇಲ್ ಎಲ್ಲಿ ಮುಗಿಯುತ್ತದೆ ಅನ್ನುವುದರಲ್ಲಿ ಎರಡು ಸರ್ವರ್‌ಗಳಿಗೆ ಭಿನ್ನಾಭಿಪ್ರಾಯ ಬಂದರೆ ಒಂದರೊಳಗೆ ಇನ್ನೊಂದು ನಕಲಿ ಮೇಲ್ ತುರುಕಬಹುದಿತ್ತು, ಪೋಸ್ಟ್‌ಫಿಕ್ಸ್‌ಗೂ ಅದು ತಟ್ಟಿತ್ತು. ಪೋಸ್ಟ್‌ಕಾನ್ಫ್ ಎಸ್‌ಎಂಟಿಪಿಡಿ_ಫರ್ಬಿಡ್_ಬೇರ್_ನ್ಯೂಲೈನ್ ಅಂತ ಕೇಳಿ. 3.9ರಿಂದ ಅದು ತಾನಾಗಿ ಚಾಲೂ ಇರುತ್ತದೆ, ಹಳೆಯದರಲ್ಲಿ ನೋ ಅಂತ ಬಂದರೆ ನೀವೇ ಯೆಸ್ ಮಾಡಿ. ಆ ಹೆಸರೇ ಗೊತ್ತಿಲ್ಲ ಅಂತ ಹೇಳಿದರೆ ನಿಮ್ಮ ಪೋಸ್ಟ್‌ಫಿಕ್ಸ್ ಅಪ್‌ಡೇಟ್ ಕಂಡು ತುಂಬಾ ದಿನ ಆಗಿದೆ.

ಡಿಸ್ಕ್ ತುಂಬಿದರೆ ಮೇಲ್ ಒಳಬರುವುದೇ ನಿಲ್ಲುತ್ತದೆ. ಡಿಎಫ್ -ಎಚ್ ಜೊತೆ ಡಿಎಫ್ -ಐ ಕೂಡ ನೋಡಿ. ಮೇಲ್‌ಡಿರ್ ಮಾದರಿಯಲ್ಲಿ ಪ್ರತಿ ಮೇಲ್ ಒಂದು ಫೈಲು, ಜಾಗ ಇದ್ದರೂ ಐನೋಡ್ (ಡಿಸ್ಕಿನಲ್ಲಿ ಪ್ರತಿ ಫೈಲಿಗೆ ಬೇಕಾಗುವ ದಾಖಲೆ) ಮುಗಿದುಹೋಗಬಹುದು. ಬ್ಯಾಕಪ್ ದಿನಾ ಆಗುತ್ತಿದೆ ಅಂತ ನೆಮ್ಮದಿಯಿಂದ ಇರಬೇಡಿ, ತಿಂಗಳಿಗೊಮ್ಮೆ ಒಂದು ಮೇಲ್‌ಬಾಕ್ಸನ್ನು ಬೇರೆ ಜಾಗಕ್ಕೆ ವಾಪಸ್ ತಂದು ತೆರೆದು ನೋಡಿ.

ಇನ್ನೊಂದು ಚಿಕ್ಕ ಕೆಲಸ ಉಳಿದಿದೆ. /ಇಟಿಸಿ/ಅಲಿಯಾಸಸ್ ಫೈಲಿನಲ್ಲಿ ಪೋಸ್ಟ್‌ಮಾಸ್ಟರ್ ಮತ್ತು ಅಬ್ಯೂಸ್ ಎರಡೂ ಹೆಸರು ನೀವು ನಿಜವಾಗಿ ಓದುವ ವಿಳಾಸಕ್ಕೆ ಹೋಗುವಂತೆ ಬರೆದು ನ್ಯೂಅಲಿಯಾಸಸ್ ಓಡಿಸಿ. ವರ್ಚುವಲ್ ಡೊಮೇನ್ ಬಳಸುತ್ತಿದ್ದರೆ ಅವಕ್ಕೂ ಅದೇ ಎರಡು ಸಾಲು ಸೇರಿಸಿ. ನಿಮ್ಮ ಸರ್ವರ್‌ನಿಂದ ಸ್ಪ್ಯಾಮ್ ಬರುತ್ತಿದೆ ಅಂತ ಹೊರಗಿನವರು ಮೊದಲು ತಿಳಿಸುವುದು ಈ ವಿಳಾಸಗಳಿಗೇ. ಈಗ ಬೇರೆ ಕಡೆಯ ಖಾತೆಯಿಂದ ಅಬ್ಯೂಸ್ ವಿಳಾಸಕ್ಕೆ ಒಂದು ಸಾಲು ಬರೆದು ಕಳಿಸಿ, ಜರ್ನಲ್‌ಸಿಟಿಎಲ್ -ಎಫ್ ತೆರೆದಿಟ್ಟುಕೊಂಡು ಸ್ಟೇಟಸ್=ಸೆಂಟ್ ಬರುವ ತನಕ ನೋಡಿ, ಆಮೇಲೆ ಇನ್‌ಬಾಕ್ಸ್ ತೆರೆದು ಅದು ಬಂದಿದೆಯಾ ಅಂತ ನೋಡಿ.